ಇಳಿಜಾರಿನ ಊರಲ್ಲಿ ಒಂದಿಷ್ಟು ಮಟ್ಟಸ ಜಾಗ

ಮಡಿಕೇರಿಯಲ್ಲಿ ಯಾವ ಬೀದಿ ಹಿಡಿದರೂ ಒಂದೋ ಏರಬೇಕು, ಇಲ್ಲವೇ ಇಳಿಯಬೇಕು. ಮುಂದಿನ ರಸ್ತೆಯಿಂದ ನೋಡಿದರೆ ಒಂದೇ ಅಂತಸ್ತಿನ ಮನೆ. ಹಿಂದಿನ ಓಣಿಗೆ ಇಳಿದು ತಲೆಯೆತ್ತಿದರೆ ಅದೇ ಮನೆಗೆ ಮೂರು ಅಂತಸ್ತು. ಮಕ್ಕಳು ಮನೆ ಮುಂದೆ ಚೆಂಡಾಡುವಾಗ ಒಬ್ಬ ಹುಡುಗ ಯಾವಾಗಲೂ ಇಳಿಜಾರಿನ ಬದಿಗೇ ನಿಂತಿರುತ್ತಾನೆ. ಅವನ ಕೈ ತಪ್ಪಿದ ಚೆಂಡು ಕೆಳಗಿನ ಬೀದಿ ಸೇರುತ್ತದೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ, ಗುಡ್ಡದ ನೆತ್ತಿಗೂ ತಗ್ಗಿಗೂ ಹಂಚಿಹೋದ ಊರು ಇದು. ಹಾಲೇರಿ ಅರಸ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದು ಕೋಟೆ ಕಟ್ಟಿಸಿದ. ಅರಸನಿಗೆ ಎತ್ತರದ ಜಾಗ ಕಾವಲಿಗೆ ಬೇಕಿತ್ತು. ಪೇಟೆಯವರು ಸುತ್ತಲಿನ ಇಳಿಜಾರಿನಲ್ಲಿ ಸಿಕ್ಕಷ್ಟು ಜಾಗ ಹಸನು ಮಾಡಿಕೊಂಡು ಮನೆ ಕಟ್ಟಿಕೊಂಡರು.

ಹೀಗಾಗಿ ಈ ಊರಿನಲ್ಲಿ ಮಟ್ಟಸ ನೆಲಕ್ಕೆ ಇರುವ ಬೆಲೆ ಬಯಲುಸೀಮೆಯವರಿಗೆ ತಟ್ಟನೆ ಅಂದಾಜಾಗುವುದಿಲ್ಲ. ಕೋಟೆಯ ಒಳಗಿನ ಅಂಗಳ, ಗಾಂಧಿ ಮೈದಾನ, ಹಳಬರು ಈಗಲೂ ಮ್ಯಾನ್ಸ್ ಕಾಂಪೌಂಡ್ ಎನ್ನುವ ಜನರಲ್ ತಿಮ್ಮಯ್ಯ ಕ್ರೀಡಾಂಗಣ, ಸಂತೆಯ ಜಾಗ. ನಾಲ್ಕು ಜನ ಸೇರುವಂಥ ಬಯಲು ಎಂದರೆ ಹೆಚ್ಚುಕಡಿಮೆ ಇಷ್ಟೇ. ಮದುವೆ, ಸಭೆಗಳಿಗೆ ಸಮಾಜಗಳ ಸಭಾಂಗಣಗಳಿವೆ. ಆದರೆ ಇಡೀ ಊರು ಒಂದಾಗಿ ಮಾಡುವ ಕೆಲಸಗಳೆಲ್ಲ ಆಗಬೇಕಾದ್ದು ಈ ಬಯಲುಗಳಲ್ಲಿ ಮತ್ತು ಅವುಗಳನ್ನು ಜೋಡಿಸುವ ರಸ್ತೆಗಳಲ್ಲಿ. ಅದಕ್ಕೂ ವರ್ಷವಿಡೀ ಅವಕಾಶವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಬೀಳುವ ಮಳೆಯ ದೊಡ್ಡ ಪಾಲು ಈ ನಾಲ್ಕು ತಿಂಗಳಿನದು. ಜಾಗವೂ ಕಡಿಮೆ, ಹೊಳವಾದ ದಿನಗಳೂ ಕಡಿಮೆ. ಆದ್ದರಿಂದಲೇ ಇಲ್ಲಿನ ಸಾರ್ವಜನಿಕ ಬದುಕು ಇಷ್ಟು ಒತ್ತೊತ್ತಾಗಿದೆ. ಒಬ್ಬರು ಎದ್ದ ಜಾಗದಲ್ಲಿ ಇನ್ನೊಬ್ಬರು ಕೂರಲೇಬೇಕಾದ್ದರಿಂದ ಹಲವು ಜನ, ಹಲವು ಮಾತು ಬೆರೆತುಕೊಂಡಿವೆ ಎಂಬುದು ನನ್ನ ನಂಬಿಕೆ.

ವಾರದ ಲೆಕ್ಕದಲ್ಲಿ ನೋಡಿದರೆ ಮೊದಲು ಹೇಳಬೇಕಾದ್ದು ಶುಕ್ರವಾರದ ಸಂತೆ. ಕೊಡಗಿನ ಸಂತೆಗಳು ದಿನಕ್ಕೊಂದು ಊರಿನಂತೆ ಸುತ್ತುತ್ತವೆ. ಮಂಗಳವಾರ ಕುಶಾಲನಗರ, ಬುಧವಾರ ವಿರಾಜಪೇಟೆ, ಶುಕ್ರವಾರ ಮಡಿಕೇರಿ, ಭಾನುವಾರ ಗೋಣಿಕೊಪ್ಪ, ಸುಂಟಿಕೊಪ್ಪ. ಜಿಲ್ಲೆ ಬೆಳೆಯುವುದು ಕಾಫಿ, ಕರಿಮೆಣಸು, ಏಲಕ್ಕಿ, ಭತ್ತ. ದಿನದ ತರಕಾರಿಯ ಬಹುಪಾಲು ಪಿರಿಯಾಪಟ್ಟಣ, ಹುಣಸೂರು ಕಡೆಯಿಂದ ಘಟ್ಟ ಹತ್ತಿ ಬರುತ್ತದೆ; ಒಣಮೀನು ಕರಾವಳಿಯಿಂದ. ಎಷ್ಟೋ ತೋಟಗಳಲ್ಲಿ ಬಟವಾಡೆಯನ್ನು ಸಂತೆಗೆ ಹೊಂದಿಸಿಕೊಂಡೇ ಕೊಡುವ ರೂಢಿ ಇರುವುದರಿಂದ ಲೈನ್‌ಮನೆಗಳ ಕಾರ್ಮಿಕರು ಜೀಪು ಹತ್ತಿ ಪೇಟೆಗೆ ಇಳಿಯುತ್ತಾರೆ. ವಾರದ ಅಕ್ಕಿ, ಎಣ್ಣೆ, ಮೀನು, ಮಕ್ಕಳಿಗೊಂದು ಪೊಟ್ಟಣ ಖಾರ. ಕನ್ನಡದಲ್ಲಿ ಶುರುವಾದ ಚೌಕಾಸಿ ಮಲಯಾಳಕ್ಕೆ ಹೊರಳಿ ತುಳುವಿನಲ್ಲಿ ಮುಗಿಯುವುದು ಇಲ್ಲಿ ಸಾಮಾನ್ಯ. ಕೊಡವ ತಕ್ಕ್, ಅರೆಭಾಷೆ, ಕೊಂಕಣಿ, ಉರ್ದು, ತಮಿಳು, ಯರವ ಮಾತು, ಎಲ್ಲವೂ ಕಿವಿಗೆ ಬೀಳುತ್ತವೆ.

ಸಂತೆಯ ನಿಜವಾದ ಸ್ಥಳೀಯರು ಅಂಚಿನಲ್ಲಿ ಕೂರುವವರು. ಒಂದು ಗೋಣಿಚೀಲ ಹಾಸಿ, ಮನೆಯ ಹಿತ್ತಿಲಲ್ಲಿ, ತೋಟದ ಬದಿಯಲ್ಲಿ ಸಿಕ್ಕಿದ್ದನ್ನು ತಂದಿಟ್ಟ ಹೆಂಗಸರು. ಮಳೆಗಾಲದಲ್ಲಿ ಅವರ ಮುಂದೆ ಕೆಸುವಿನ ಎಲೆ, ಅಣಬೆ, ಸೂಜಿಮೆಣಸು, ಹಳೆಯ ಬಾಟಲಿಯಲ್ಲಿ ಕಪ್ಪಗೆ ಮಂದವಾದ ಕಾಚಂಪುಳಿಯ ಹುಳಿರಸ ಇರುತ್ತವೆ. ಮತ್ತೆ ಕಣಿಲೆ. ಬಿದಿರಿನ ಎಳೆಯ ಮೊಳಕೆಯನ್ನು ಸುಲಿದು, ತೆಳ್ಳಗೆ ಹೆಚ್ಚಿ, ನೀರಿನಲ್ಲಿ ಮುಳುಗಿಸಿಟ್ಟುಕೊಂಡು ಮಾರುತ್ತಾರೆ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ; ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಬೇಯಿಸಿದ ಮೇಲಷ್ಟೇ ಅದು ಪಲ್ಯಕ್ಕೆ ಯೋಗ್ಯ. ಹೊಸಬರು ಕೊಂಡರೆ ಮಾರುವಾಕೆ ಕಾಸು ತೆಗೆದುಕೊಳ್ಳುವ ಮೊದಲೇ ಕೇಳುತ್ತಾಳೆ: “ನೀರು ಚೆಲ್ಲಿ ಚೆಲ್ಲಿ ಇಡೋದು ಗೊತ್ತುಂಟಲ್ಲ ಅಕ್ಕ?” ಸೂಪರ್ ಮಾರ್ಕೆಟ್ಟಿನ ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗುವ ಎಚ್ಚರಿಕೆಯನ್ನು ಇಲ್ಲಿ ಒಬ್ಬ ಹೆಂಗಸು ಮುಖ ನೋಡಿ ಹೇಳುತ್ತಾಳೆ. ಸಂತೆ ಉಳಿಯಬೇಕೆಂದು ನಾನು ಬಯಸುವುದಕ್ಕೆ ಇದೇ ದೊಡ್ಡ ಕಾರಣ.

ಮಳೆಗಾಲದಲ್ಲಿ ಊರು ಬಾಗಿಲು ಹಾಕಿಕೊಳ್ಳುತ್ತದೆ ಎಂದು ಪ್ರವಾಸಿಗರು ತಿಳಿದಿರುತ್ತಾರೆ. ಆದರೆ ಜನ ಹೊರಗೇ ಇರುತ್ತಾರೆ, ಕೊಡೆ ಹಿಡಿದುಕೊಂಡು. ಶಾಲೆ, ಕಚೇರಿ, ಬಸ್ಸು ಯಾವುದೂ ನಿಲ್ಲುವುದಿಲ್ಲ. ವಿಪರೀತ ಸುರಿದ ದಿನ ಮಾತ್ರ ಶಾಲೆಗಳಿಗೆ ರಜೆ. ಇಬ್ಬರು ಎದುರಾದರೆ ಮೊದಲ ಪ್ರಶ್ನೆ “ನಿಮ್ಮಲ್ಲಿ ಎಷ್ಟಾಯ್ತು?” ಎಂದು. ಕೇಳುತ್ತಿರುವುದು ಮಳೆಯ ಲೆಕ್ಕ. ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಹೇಳಿದರೂ ಕೊಡಗಿನ ಬೆಳೆಗಾರ ಇಂಚು, ಸೆಂಟುಗಳನ್ನು ಬಿಟ್ಟಿಲ್ಲ. ಒಂದು ಇಂಚಿಗೆ ನೂರು ಸೆಂಟು. ತೋಟದ ಮನೆಗಳ ಅಂಗಳದಲ್ಲಿ ಮಳೆ ಮಾಪಕವಿರುತ್ತದೆ. ಬೆಳಿಗ್ಗೆ ಅದರ ನೀರನ್ನು ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ಮಡಿಕೇರಿಯಿಂದ ಹೊರಡುವ ‘ಶಕ್ತಿ’ ದಿನಪತ್ರಿಕೆಯಲ್ಲಿ ಊರೂರಿನ ಮಳೆ ಇಂಚಿನಲ್ಲೇ ಅಚ್ಚಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಈ ಲೆಕ್ಕಕ್ಕೆ ಇನ್ನೂ ಹೆಚ್ಚಿನ ತೂಕ. ಆಗ ಬೀಳುವ ಹೂಮಳೆ ಒಂದಿಂಚಿನಷ್ಟಾದರೂ ಆದರೆ ಕಾಫಿ ಮೊಗ್ಗು ಅರಳುತ್ತದೆ. ಬರೀ ಇಪ್ಪತ್ತು ಸೆಂಟು ಉದುರಿ ನಿಂತರೆ ಮೊಗ್ಗು ಸರಿಯಾಗಿ ಅರಳದೆ ಇಡೀ ವರ್ಷದ ಫಸಲಿಗೆ ಪೆಟ್ಟು.

ಮಳೆ ಜೋರಾಗಿರುವಾಗಲೇ ಬರುವುದು ಕಕ್ಕಡ ಹದಿನೆಂಟು. ಜುಲೈ ನಡುವೆ ಆರಂಭವಾಗುವ ಕಕ್ಕಡ ಮಾಸದ, ಅರೆಭಾಷೆಯವರ ಆಟಿ ತಿಂಗಳ, ಹದಿನೆಂಟನೆಯ ದಿನ. ಆಗಸ್ಟ್ 3ರ ಸುಮಾರಿಗೆ. ಆ ದಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧದ ಗುಣ ತುಂಬಿರುತ್ತದೆ ಎಂಬ ನಂಬಿಕೆ. ಹಸಿರು ಸೊಪ್ಪನ್ನು ಕುದಿಸಿದರೆ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಸೇರಿಸಿ ಪಾಯಸ ಮಾಡುತ್ತಾರೆ. ಮಾರನೆಯ ಬೆಳಿಗ್ಗೆ ಮೂತ್ರ ಕೆಂಪಗಾಗುವುದನ್ನು ಕಂಡು ಹೆದರದಿರುವಂತೆ ಮನೆಗೆ ಬಂದ ನೆಂಟರಿಗೆ ಮೊದಲೇ ತಿಳಿಸುವುದು ಮರ್ಯಾದೆ. ಆ ವಾರ ಸಂತೆಯಲ್ಲೂ ಸೊಪ್ಪಿನ ಕಟ್ಟುಗಳು ರಾಶಿ ಬೀಳುತ್ತವೆ, ಪೇಟೆಯ ಬಾಡಿಗೆ ಮನೆಯಲ್ಲಿರುವವರಿಗೂ ದಕ್ಕುತ್ತವೆ.

ಗದ್ದೆ ನಾಟಿಯ ಹೊತ್ತಿಗೆ ಕೆಸರುಗದ್ದೆ ಕ್ರೀಡಾಕೂಟ. ಮಡಿಕೇರಿಗೆ ಹತ್ತಿರದ ಕಗ್ಗೋಡ್ಲುವಿನಲ್ಲಿ ನಡೆಯುವುದಕ್ಕೆ ಒಳ್ಳೆಯ ಹೆಸರಿದೆ. ಮೊಣಕಾಲುದ್ದ ಕೆಸರಿನಲ್ಲಿ ಓಟ, ಗಂಡಸರ ವಾಲಿಬಾಲ್, ಹೆಂಗಸರ ಥ್ರೋಬಾಲ್, ಹಗ್ಗಜಗ್ಗಾಟ. ಮಳೆಗಾಲದಲ್ಲಿ ಮೈದಾನವೆಲ್ಲ ನೀರಾಗಿರುವಾಗ ಊರಿನವರಿಗೆ ಉಳಿಯುವ ಒಂದೇ ಮಟ್ಟಸ ನೆಲ ಗದ್ದೆ. ಕೊಡಗಿನಲ್ಲಿ ಭತ್ತ ಬೆಳೆಯುವವರು ಕಡಿಮೆಯಾಗುತ್ತ ಗದ್ದೆಗಳು ಪಾಳು ಬೀಳುತ್ತಿವೆ, ಕೆಲವು ತೋಟವಾಗಿವೆ, ಕೆಲವಕ್ಕೆ ಮಣ್ಣು ತುಂಬಿ ಕಟ್ಟಡಗಳು ಎದ್ದಿವೆ. ಗದ್ದೆ ಎಂದರೆ ಅಕ್ಕಿಯ ಜೊತೆಗೆ ಮಳೆನೀರು ಇಂಗುವ ಜಾಗವೂ ಹೌದು. ಒಂದು ದಿನದ ಆಟಕ್ಕಾದರೂ ಹುಡುಗರು ಅದರೊಳಗೆ ಇಳಿಯುವುದನ್ನು ನಾನು ಬರಿಯ ಮೋಜೆಂದು ತಳ್ಳಿಹಾಕಲಾರೆ.

ಮಳೆ ಹಿಂದೆ ಸರಿದ ಕೂಡಲೇ ಊರಿಗೆ ಬರುವುದು ದಸರಾ. ಮೈಸೂರಿನ ದಸರಾ ಹಗಲಿನದು, ಅರಮನೆಯದು. ಮಡಿಕೇರಿಯದು ರಾತ್ರಿಯದು, ಬೀದಿಯದು. ಅರಸರ ಕಾಲದಲ್ಲಿ ಊರಿಗೆ ಸಾಂಕ್ರಾಮಿಕ ರೋಗ ಬಡಿದಾಗ ಮಾರಿಯಮ್ಮನ ಮೊರೆಹೊಕ್ಕು ಕರಗ ಹೊರಡಿಸಿದರು ಎಂಬುದು ಜನ ಹೇಳಿಕೊಂಡು ಬಂದ ಕಥೆ. ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ. ಈ ನಾಲ್ಕು ಶಕ್ತಿದೇವತೆಗಳ ಕರಗಗಳು ನವರಾತ್ರಿಯ ಮೊದಲ ದಿನ ಪಂಪಿನ ಕೆರೆಯಲ್ಲಿ ಪೂಜೆಗೊಂಡು ಹೊರಡುತ್ತವೆ. ಅಲ್ಲಿಂದ ಮುಂದೆ ದಿನವೂ ಬೀದಿ ಬೀದಿ ಸುತ್ತಿ ಮನೆ ಬಾಗಿಲಲ್ಲಿ ಪೂಜೆ ಪಡೆಯುತ್ತವೆ. ಆ ಬೀದಿಯ ಹೆಂಗಸರು ಹೊಸ್ತಿಲು ತೊಳೆದು, ರಂಗೋಲಿ ಹಾಕಿ, ಆರತಿ ತಟ್ಟೆ ಹಿಡಿದು ಕಾಯುತ್ತಾರೆ. ಗಾಂಧಿ ಮೈದಾನದ ವೇದಿಕೆಯಲ್ಲಿ ಸಂಜೆ ಕಾರ್ಯಕ್ರಮ. ಹಗಲಲ್ಲಿ ಒಂದು ದಿನ ಮಹಿಳೆಯರದು, ಒಂದು ದಿನ ಜನಪದದ್ದು, ಒಂದು ದಿನ ಮಕ್ಕಳದು.

ಮಕ್ಕಳ ದಸರಾವನ್ನು ಬಿಡದೆ ನೋಡಬೇಕು. ಶಾಲೆಯ ಮಕ್ಕಳು ಮನೆಯಿಂದ ಸೊಪ್ಪು, ಹಣ್ಣು, ತಿಂಡಿ ತಂದು ತಾವೇ ಸಂತೆ ಹೂಡುತ್ತಾರೆ. ಐದನೆಯ ತರಗತಿಯ ಹುಡುಗಿ ಬಾಳೆಕಾಯಿ ತೂಗಿ ಚಿಲ್ಲರೆ ಎಣಿಸಿ ಕೊಡುವಾಗ ಅವಳ ಮುಖದಲ್ಲಿ ಇರುವ ಜವಾಬ್ದಾರಿ ದೊಡ್ಡವರಲ್ಲಿ ಕಾಣುವುದು ಅಪರೂಪ. ಇನ್ನೊಂದು ಬದಿಯಲ್ಲಿ ಪುಟ್ಟ ಪುಟ್ಟ ಮಂಟಪಗಳು. ರಟ್ಟಿನ ರಾಕ್ಷಸ, ಬಣ್ಣದ ಕಾಗದದ ದೇವಿ, ಹಿಂದೆ ಅವಿತು ದಾರ ಎಳೆಯುವ ಇಬ್ಬರು ಹುಡುಗರು. ಮುಂದೆ ದೊಡ್ಡ ಮಂಟಪಗಳ ಕೆಲಸಕ್ಕೆ ಇಳಿಯುವವರ ಮೊದಲ ಪಾಠ ಇದು.

ದೊಡ್ಡ ಮಂಟಪಗಳು ಹತ್ತು. ಪೇಟೆ ಶ್ರೀರಾಮ ಮಂದಿರ, ದೇಚೂರು ಶ್ರೀರಾಮ ಮಂದಿರ, ಚೌಡೇಶ್ವರಿ, ಕೋದಂಡರಾಮ, ಕೋಟೆ ಮಹಾಗಣಪತಿ, ಕರವಲೆ ಭಗವತಿ, ಜೊತೆಗೆ ಕರಗದ ನಾಲ್ಕು ದೇವಾಲಯಗಳು. ಒಂದೊಂದು ದೇವಾಲಯಕ್ಕೂ ಒಂದು ಸಮಿತಿ, ಒಂದೊಂದು ಸಮಿತಿಯ ಹಿಂದೆ ಆ ಬಡಾವಣೆಯ ಯುವಕರ ದಂಡು. ತಿಂಗಳುಗಟ್ಟಲೆ ಮೊದಲೇ ಪುರಾಣದ ಒಂದು ಪ್ರಸಂಗವನ್ನು ಆರಿಸಿಕೊಳ್ಳುತ್ತಾರೆ. ಬಹುಮಟ್ಟಿಗೆ ಯಾವನಾದರೊಬ್ಬ ಅಸುರನ ವಧೆ. ಮಂಟಪ ಹೊರುವುದು ಟ್ರ್ಯಾಕ್ಟರುಗಳು. ಎರಡು ಟ್ರ್ಯಾಕ್ಟರಿನ ಟ್ರೈಲರ್‌ಗಳ ಮೇಲೆ ಕಬ್ಬಿಣದ ಚೌಕಟ್ಟು ಬೆಸುಗೆ ಹಾಕಿ, ಅದರ ಮೇಲೆ ಆಳೆತ್ತರ ಮೀರಿದ ಮೂರ್ತಿಗಳನ್ನು ನಿಲ್ಲಿಸುತ್ತಾರೆ. ಮೋಟರು, ಜ್ಯಾಕುಗಳಿಂದ ಮೂರ್ತಿಯ ಕೈ ಏಳುತ್ತದೆ, ತಲೆ ಹೊರಳುತ್ತದೆ, ಸರ್ಪ ಹೆಡೆ ಎತ್ತುತ್ತದೆ, ಕೊನೆಗೆ ಅಸುರ ಉರುಳುತ್ತಾನೆ. ಇವಕ್ಕೆ ಧ್ವನಿ, ಬೆಳಕು, ಹೊಗೆ ಸೇರಬೇಕು. ಜನರೇಟರು ಪ್ರತ್ಯೇಕ. ಇದೆಲ್ಲ ತಯಾರಾಗುವುದು ಟಾರ್ಪಾಲಿನ ಕೆಳಗೆ, ಮಳೆ ಪೂರ್ತಿ ನಿಲ್ಲದ ದಿನಗಳಲ್ಲಿ. ಹಗಲು ಗ್ಯಾರೇಜಿನಲ್ಲೋ ಬ್ಯಾಂಕಿನಲ್ಲೋ ದುಡಿದವರು ರಾತ್ರಿ ಇಲ್ಲಿ ವೆಲ್ಡಿಂಗ್ ಹಿಡಿಯುತ್ತಾರೆ.

ವಿಜಯದಶಮಿಯ ರಾತ್ರಿ ಈ ಭಾರವೆಲ್ಲ ಮಡಿಕೇರಿಯ ಏರಿಳಿತಗಳ ಮೇಲೆ ಹೊರಡುತ್ತದೆ. ಮಟ್ಟಸ ರಸ್ತೆಯಲ್ಲಿ ರಥ ಎಳೆಯುವುದು ಬೇರೆ ಮಾತು. ಇಲ್ಲಿ ತಿರುವಿನಲ್ಲಿ ಚೌಕಟ್ಟು ವಾಲದಂತೆ ಎರಡೂ ಟ್ರ್ಯಾಕ್ಟರುಗಳು ಒಂದೇ ಲಯದಲ್ಲಿ ಸರಿಯಬೇಕು. ಮುಂದೆ ಒಬ್ಬ ಟಾರ್ಚು ಬೀಸುತ್ತ ಹಿಂದಕ್ಕೆ ನಡೆಯುತ್ತಾನೆ, ಚಕ್ರದ ಪಕ್ಕ ಇಬ್ಬರು ಅಡ್ಡಗಟ್ಟೆ ಕೊಡಲು ಮರದ ದಿಮ್ಮಿ ಹಿಡಿದಿರುತ್ತಾರೆ, ಮೇಲೊಬ್ಬ ಕೋಲಿನಿಂದ ತಂತಿ ಎತ್ತಿ ಹಿಡಿಯುತ್ತಾನೆ. ತೀರ್ಪುಗಾರರ ಮುಂದೆ ನಿಂತಾಗ ಕಥೆ ತಪ್ಪಿಲ್ಲದೆ ನಡೆಯಬೇಕು. ಆಮೇಲೆ ಮತ್ತೆ ಬೇರೆ ಬೇರೆ ಕಡೆ ಪ್ರದರ್ಶನ. ಊರಿನ ಇಳಿಜಾರು ಆ ರಾತ್ರಿ ಜನರಿಗೆ ನೆರವಿಗೆ ಬರುತ್ತದೆ. ಮೆಟ್ಟಿಲು, ಜಗಲಿ, ತಡೆಗೋಡೆ, ಮೇಲಿನ ಬೀದಿ ಎಲ್ಲೆಲ್ಲೂ ಕಂಬಳಿ ಹೊದ್ದು ಕೂತವರು. ಹಿಂದಿನವರಿಗೆ ಮುಂದಿನವರ ತಲೆ ಅಡ್ಡ ಬರುವುದಿಲ್ಲ. ಬೆಳಗಿನ ಜಾವದವರೆಗೂ ಚಹಾದ ಅಂಗಡಿಗಳು ತೆರೆದಿರುತ್ತವೆ. ಬನ್ನಿ ಕಡಿದ ಮೇಲೆ ಹಬ್ಬ ಮುಗಿಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಸ್ಪೀಕರಿನ ಸದ್ದು ಮಂಟಪದ ಕಥೆಯನ್ನೇ ನುಂಗುವಷ್ಟಾಗಿದೆ. ಮಗುವನ್ನು ಎತ್ತಿಕೊಂಡವರು, ವಯಸ್ಸಾದವರು ಕಿವಿ ಮುಚ್ಚಿಕೊಂಡು ಸರಿದು ಹೋಗುವುದನ್ನು ಕಂಡಾಗ ನೋವಾಗುತ್ತದೆ. ಅಷ್ಟು ರಾತ್ರಿ ನಿದ್ದೆಗೆಟ್ಟು ಮಾಡಿದ ಕೈಚಳಕ ಕಾಣಬೇಕು, ಅದರ ಕಥೆ ಕೇಳಬೇಕು.

ಇದೇ ಹೊತ್ತಿಗೆ, ಅಕ್ಟೋಬರ್ 17ರ ಸುಮಾರಿಗೆ, ತಲಕಾವೇರಿಯಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವ. ಆಮೇಲೆ ಸುಗ್ಗಿಯ ಹಬ್ಬ ಪುತ್ತರಿ, ಅಂದರೆ ಹುತ್ತರಿ. ಗದ್ದೆಯಲ್ಲಿ ಕೋವಿಯ ಗುಂಡು ಹಾರಿಸಿ ಕದಿರು ತೆಗೆದು, ಮಂದ್ ಎಂಬ ಊರ ಬಯಲುಗಳಲ್ಲಿ ಕೋಲಾಟ. ಮಡಿಕೇರಿಯ ಕೋಟೆಯ ಅಂಗಳದಲ್ಲೂ ಕುಪ್ಯ ಎಂಬ ಉದ್ದನೆಯ ಅಂಗಿ ತೊಟ್ಟವರು ಕೋಲು ಹಿಡಿದು ವೃತ್ತ ಕಟ್ಟುತ್ತಾರೆ. 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅಕ್ಟೋಬರ್ 31ರಂದು ಗಲ್ಲಿಗೇರಿಸಿದ್ದು ಈ ಕೋಟೆಯ ಬಳಿಯೇ. ವರ್ಷವೂ ಆ ದಿನ ಅವರನ್ನು ನೆನೆಯುತ್ತಾರೆ. ಒಂದೇ ನೆಲ ಎಷ್ಟೆಲ್ಲ ನೆನಪುಗಳನ್ನು ಹೊರುತ್ತದೆ ನೋಡಿ.

ಡಿಸೆಂಬರಿನಿಂದ ಫೆಬ್ರುವರಿವರೆಗೆ ಕಾಫಿ ಕುಯ್ಲು, ಪೇಟೆಗೆ ಪುರುಸೊತ್ತಿಲ್ಲ. ಕಣದಲ್ಲಿ ಹಣ್ಣು ಒಣಗಿ ಚೀಲ ಸೇರಿದ ಮೇಲೆ ಆಟದ ಕಾಲ. ಕಾರಡ ಎಂಬ ಊರಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯ ಏರ್ಪಡಿಸಿದಾಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡ; ಗಿನ್ನೆಸ್ ದಾಖಲೆಗೂ ಸೇರಿತು. 2025ರಲ್ಲಿ ಮುದ್ದಂಡ ಕುಟುಂಬ ಅದನ್ನು ಮಡಿಕೇರಿಗೇ ತಂದಿತು. ತಂಡವೆಂದರೆ ಒಂದು ಒಕ್ಕದವರು, ಅಂದರೆ ಒಂದೇ ಮನೆತನದವರು. ಗೋಲು ಕಾಯುವವರು ನಿವೃತ್ತ ಸುಬೇದಾರ್ ಆಗಿರಬಹುದು, ಮುನ್ನಡೆಯಲ್ಲಿ ಓಡುವುದು ಅವರ ಮೊಮ್ಮಗಳಾಗಿರಬಹುದು. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರಂಥ ಭಾರತ ತಂಡದ ಆಟಗಾರರನ್ನು ಕೊಟ್ಟ ಜಿಲ್ಲೆಯಲ್ಲಿ ಈ ಹಬ್ಬ ಹುಟ್ಟಿದ್ದು ಸಹಜವೇ. ಹೊರಗಿನವರಿಗೆ ಇದು ಕ್ರೀಡೆ. ಒಳಗಿನವರಿಗೆ ಬೆಂಗಳೂರು, ದುಬೈಗೆ ಚದುರಿದ ಮನೆತನ ವರ್ಷಕ್ಕೊಮ್ಮೆ ಒಟ್ಟಾಗುವ ನೆಪ. ಅರೆಭಾಷೆ ಗೌಡ ಕುಟುಂಬಗಳ ಕ್ರಿಕೆಟ್ಟಿಗೂ, ಮುಸ್ಲಿಂ ಸಮುದಾಯದ ಪಂದ್ಯಾವಳಿಗೂ ಇದೇ ಮಾದರಿ ಹಾದಿ ತೋರಿಸಿದೆ. ಬೇಸಿಗೆಯ ವಾರಗಳನ್ನು ಹಂಚಿಕೊಂಡು ಒಬ್ಬರ ನಂತರ ಒಬ್ಬರು ಮೈದಾನ ಹಿಡಿಯುತ್ತಾರೆ.

ಮಟ್ಟಸ ನೆಲ ಬೇಕೆಂಬ ಆಸೆಗೆ ಇನ್ನೊಂದು ಮುಖವಿದೆ. ಗುಡ್ಡವನ್ನು ನೆಟ್ಟಗೆ ಕಡಿದಾಗ ಹಿಂಬದಿಯಲ್ಲಿ ನಿಲ್ಲುವ ಮಣ್ಣಿನ ಗೋಡೆಗೆ ಇಲ್ಲಿ ಬರೆ ಎನ್ನುತ್ತಾರೆ. ಮಳೆಗಾಲದ ಮಡಿಕೇರಿಯಲ್ಲಿ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವ ಸುದ್ದಿ ‘ಬರೆ ಜರಿದಿದೆ’ ಎಂಬುದು. ಮೊದಲು ಬರೆ ಮನೆಯೊಂದರ ಹಿಂದೆ ಆಳೆತ್ತರಕ್ಕೆ ಇರುತ್ತಿತ್ತು. ಜೆಸಿಬಿ ಬಂದ ಮೇಲೆ ಹೋಮ್‌ಸ್ಟೇ, ರೆಸಾರ್ಟ್, ಬಡಾವಣೆ, ರಸ್ತೆಗಳಿಗಾಗಿ ಗುಡ್ಡದ ಬುಡವನ್ನೇ ಕಡಿಯುವುದು ಸಲೀಸಾಯಿತು. 2018ರ ಆಗಸ್ಟ್ ನಡುವಿನ ಎರಡು ಮೂರು ದಿನಗಳಲ್ಲಿ ಮಕ್ಕಂದೂರು, ಉದಯಗಿರಿ, ಹಟ್ಟಿಹೊಳೆ, ಕಾಲೂರು, ಮೊಣ್ಣಂಗೇರಿ, ಜೋಡುಪಾಲಗಳಲ್ಲಿ ಗುಡ್ಡಗಳು ಕುಸಿದವು. ಊರಿನೊಳಗೆ ಇಂದಿರಾನಗರ, ಚಾಮುಂಡೇಶ್ವರಿ ನಗರಗಳಲ್ಲೂ ಮನೆಗಳು ಜಾರಿದವು. ಮಂಗಳೂರು ರಸ್ತೆ ವಾರಗಟ್ಟಲೆ ಕಡಿದುಹೋಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು ವಿಪರೀತ ಮಳೆಯ ಜೊತೆಗೆ ಇಳಿಜಾರನ್ನು ಕಡಿದದ್ದನ್ನೂ ಕಾರಣವೆಂದು ಹೇಳಿದರು. ಕೊಡಗಿನ ಮಣ್ಣು ಆಳವಾಗಿ ಸಡಿಲವಾದದ್ದು. ಬುಡದ ಆಸರೆ ತೆಗೆದರೆ, ಮೇಲಿನಿಂದ ನೀರು ಇಳಿಯಲು ದಾರಿ ಸಿಗದಿದ್ದರೆ, ಅದು ತನ್ನ ಭಾರಕ್ಕೇ ಜಾರುತ್ತದೆ.

ಆ ದಿನಗಳಲ್ಲಿ ಊರನ್ನು ಹಿಡಿದು ನಿಲ್ಲಿಸಿದ್ದು ವರ್ಷವಿಡೀ ಹಬ್ಬ, ಆಟಗಳಲ್ಲಿ ಒಟ್ಟಿಗೆ ದುಡಿದ ಅಭ್ಯಾಸ. ಸಮಾಜಗಳ ಸಭಾಂಗಣಗಳು, ಶಾಲೆಗಳು ಆಸರೆಯ ತಾಣಗಳಾದವು. ಯಾರ ಬಳಿ ಜೀಪಿದೆ, ಯಾರಿಗೆ ಹಗ್ಗ ಕಟ್ಟಲು ಬರುತ್ತದೆ, ಐನೂರು ಜನಕ್ಕೆ ಅನ್ನ ಮಾಡುವ ಪಾತ್ರೆ ಯಾವ ದೇವಾಲಯದಲ್ಲಿದೆ ಎಂಬುದು ಯಾರನ್ನೂ ಕೇಳದೆ ಎಲ್ಲರಿಗೂ ಗೊತ್ತಿತ್ತು. ಮಂಟಪ ಕಟ್ಟುವ ಕೈಗಳೇ ಮನೆಗಳಿಂದ ಮಣ್ಣು ಎತ್ತಿದವು.

ಈಗ ವಾರದ ಕೊನೆಯಲ್ಲಿ ಹೊರಗಿನ ವಾಹನಗಳಿಂದ ಊರು ತುಂಬಿ, ರಾಜಾಸೀಟ್ ಉದ್ಯಾನದತ್ತ ನಡೆದುಹೋಗುವುದೂ ಕಷ್ಟ. ವಾಹನ ನಿಲ್ಲಿಸಲು ಜಾಗ ಬೇಕೆಂಬ ಒತ್ತಾಯ ಬಂದಾಗಲೆಲ್ಲ ಕಣ್ಣು ಮೈದಾನಗಳ ಮೇಲೆ, ಇಲ್ಲವೇ ಇನ್ನೊಂದು ಗುಡ್ಡದ ಮೇಲೆ ಬೀಳುತ್ತದೆ. ಪ್ರವಾಸಿಗರು ಬೇಡವೆಂದು ನಾನು ಹೇಳಲಾರೆ. ಎಷ್ಟೋ ಮನೆಗಳ ಒಲೆ ಅವರಿಂದ ಉರಿಯುತ್ತದೆ. ವಾಹನಗಳನ್ನು ಊರಿನ ಹೊರಗೆ ನಿಲ್ಲಿಸಿ ಸಣ್ಣ ಬಸ್ಸುಗಳಲ್ಲಿ ಒಳಗೆ ಕರೆತರುವ ಏರ್ಪಾಡನ್ನು ನಗರಸಭೆ ರಜೆಯ ದಿನಗಳಿಗಾದರೂ ಮಾಡಬಹುದು. ಗಾಂಧಿ ಮೈದಾನವನ್ನು ಹುಡುಗರ ಆಟಕ್ಕೂ ದಸರಾಕ್ಕೂ ಬಿಡಬೇಕು. ಸಂತೆಯ ಅಂಚಿನಲ್ಲಿ ಕೂರುವ ಹೆಂಗಸರಿಗೆ ಒಂದು ಸೂರು, ಕುಡಿಯುವ ನೀರು, ಶೌಚಾಲಯ ಆಗಬೇಕು. ಬರೆಗಳ ಮೇಲಿನ ಚರಂಡಿಗಳನ್ನು ಮೇ ತಿಂಗಳೊಳಗೆ ಬಿಡಿಸಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸದಾಗಿ ಗುಡ್ಡ ಕಡಿಯಬೇಕಾಗಿಲ್ಲ.